ಚೀಟಿ ಇಲ್ಲದೆ ಒಳಗೆ ಬರಬಾರದು

ಒಬ್ಬೊಬ್ಬರಿಗೆ ಒಂದೊಂದು ಚಟ ಇರುತ್ತದೆ. ಕೆಲವರಿಗೆ ನಶ್ಯ, ಕೆಲವರಿಗೆ ಇಸ್ಪೀಟು. ಮಾಲೂರಿನಲ್ಲಿ ನಮ್ಮ ಬೀದಿಯ ಕೊನೇ ಮನೆಯ ತಾತನಿಗೆ ಯಾರ ಮನೆಯಲ್ಲಿ ಏನು ಸಾರು ಎಂದು ಜಗಲಿಯ ಮೇಲೆ ಕೂತೇ ಮೂಸಿ ಹೇಳುವ ಚಟ. ನನಗೆ ನಿಯಮ ಮಾಡುವ ಚಟ. ಒಂದು ಬಿಳಿ ಕಾಗದ ಕಣ್ಣಿಗೆ ಬಿದ್ದರೆ ಸಾಕು, ಮೇಲೆ ‘ನಿಯಮಗಳು’ ಎಂದು ಬರೆದು, ಅದರಡಿ ಎರಡು ಗೆರೆ ಎಳೆದು, ಒಂದು, ಎರಡು, ಮೂರು ಎಂದು ಅಂಕಿ ಹಾಕಿಬಿಡುತ್ತೇನೆ. ಏನು ನಿಯಮ ಎನ್ನುವುದು ಆಮೇಲಿನ ಮಾತು. ಹದಿನಾಲ್ಕನೇ ವಯಸ್ಸಿನಲ್ಲೇ ನಮ್ಮ ಮನೆಯ ಬಾವಿಕಟ್ಟೆಗೆ ಎಂಟು ನಿಯಮ ಮಾಡಿ ಗೋಡೆಗೆ ಅಂಟಿಸಿದ್ದೆ. ಹಗ್ಗವನ್ನು ಸುತ್ತಿಡತಕ್ಕದ್ದು, ಕೊಡ ತುಂಬಿದ ಮೇಲೆ ನಿಂತು ಮಾತಾಡತಕ್ಕದ್ದಲ್ಲ, ಹೀಗೆ. ನಮ್ಮಮ್ಮ ಬಂದು ಕಾಗದವನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, ‘ಚೆನ್ನಾಗಿ ದಪ್ಪಗೈತೆ ಕಣೋ’ ಎಂದು ಮೆಚ್ಚಿ, ಕಿತ್ತುಕೊಂಡು ಹೋಗಿ ಉಪ್ಪಿನಕಾಯಿ ಜಾಡಿಯ ಬಾಯಿಗೆ ಕಟ್ಟಿದಳು. ಆ ವರ್ಷ ಉಪ್ಪಿನಕಾಯಿ ಕೆಡಲಿಲ್ಲ. ನನ್ನ ನಿಯಮಗಳಿಂದ ಲೋಕಕ್ಕೆ ಆದ ಉಪಕಾರ ಇಷ್ಟೇ ಎಂದು ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಆಮೇಲೆ ನಾನು ಮೇಷ್ಟ್ರಾದೆ.

ಮೇಷ್ಟ್ರಾದದ್ದೂ ಕ್ರಮವಾಗಿ ಆಗಲಿಲ್ಲ ಎನ್ನಿ. ಟ್ರೈನಿಂಗ್ ಇಲ್ಲ. ಲೋಯರ್ ಸೆಕೆಂಡರಿ ಪಾಸಾದ ಮೇಲೆ ಕೋಲಾರದ ಪೇಟೆಯಲ್ಲಿ ಹಳೇ ಪುಸ್ತಕ ಕೊಂಡು, ನಾನೇ ಓದಿಕೊಂಡು, ನನ್ನನ್ನೇ ಪ್ರಶ್ನೆ ಕೇಳಿಕೊಂಡು, ಸರಿಯುತ್ತರಕ್ಕೆ ನನಗೆ ನಾನೇ ಶಹಬಾಸ್ ಹೇಳಿಕೊಂಡು ಕಲಿತವನು. ಹೀಗೆ ಕಲಿತವನಿಗೆ ಒಂದು ತೊಂದರೆ ಉಂಟು. ಅವನನ್ನು ಇದುವರೆಗೆ ಯಾರೂ ಫೇಲು ಮಾಡಿರುವುದಿಲ್ಲ. ಇಂಥ ನನಗೆ ಸಿಕ್ಕಿದ್ದು ಮುಳಬಾಗಿಲಿನಿಂದ ಕುರುಡುಮಲೆ ಕಡೆಗೆ ನಡೆದು, ಒಂದು ಆಲದ ಮರದ ಹತ್ತಿರ ಎಡಕ್ಕೆ ತಿರುಗಿದರೆ ಸಿಗುವ ಹಳ್ಳಿಯ ಶಾಲೆ. ಒಂದೇ ಕೋಣೆ, ಒಬ್ಬನೇ ಮೇಷ್ಟ್ರು. ಹೆಡ್‌ಮಾಸ್ಟರೂ ನಾನೇ, ಗಂಟೆ ಹೊಡೆಯುವ ಜವಾನನೂ ನಾನೇ. ಊರಿನವರ ಮನೆಮಾತು ತೆಲುಗು, ಶಾಲೆಯ ಪಾಠ ಕನ್ನಡ, ಬೈಗುಳ ಎರಡರಲ್ಲೂ. ಎಲ್ಲರೂ ರಾಗಿ, ತರಕಾರಿ ಬೆಳೆಯುವ ಜನ. ಯುದ್ಧ ಶುರುವಾಗಿ ರೇಷ್ಮೆಯನ್ನು ಕೇಳುವವರು ಹೆಚ್ಚಾದ ಮೇಲೆ ಮೂರು ಮನೆ ಬಿಟ್ಟು ಊರಿಗೆ ಊರೇ ಹಿಪ್ಪುನೇರಳೆ ಹಾಕಿ, ಮನೆಯೊಳಗೆ ರೇಷ್ಮೆಹುಳ ಸಾಕುತ್ತಿತ್ತು. ಮನುಷ್ಯರು ಜಗಲಿಯಲ್ಲಿ ಮಲಗುತ್ತಿದ್ದರು, ಹುಳಗಳು ನಡುಮನೆಯಲ್ಲಿ. ಹಾಜರಿ ಪುಸ್ತಕದಲ್ಲಿ ಇಪ್ಪತ್ತಾರು ಹೆಸರು ಇದ್ದವು. ಹಾಜರಿಯೆಂಬುದು ಒಳ್ಳೇ ದಿನ ಹದಿನಾಲ್ಕು, ಸೊಪ್ಪು ಕೊಯ್ಯುವ ದಿನ ಐದು.

ನಾನು ಹೋದ ಮೊದಲ ತಿಂಗಳಲ್ಲೇ ಇನ್‌ಸ್ಪೆಕ್ಟರು ಬಂದರು. ಎಣಿಸಿದರು. ಎಣಿಸುವುದಕ್ಕೆ ಅವರಿಗೆ ಎರಡನೇ ಕೈ ಬೇಕಾಗಲಿಲ್ಲ. ಹೋಗುವಾಗ ಸೈಕಲ್ಲಿನ ಮೇಲೆ ಒಂದು ಕಾಲಿಟ್ಟುಕೊಂಡು, ‘ನೋಡಿ ಮೇಷ್ಟ್ರೇ, ಇನ್ನೊಂದು ಸಲ ಬರ್ತೀನಿ. ಅವತ್ತು ಇಪ್ಪತ್ತು ತಲೆ ಕಾಣಬೇಕು. ಕಾಣದೇ ಹೋದರೆ ಈ ಶಾಲೆಯನ್ನು ಕೆರೆಯಾಚೆ ದೊಡ್ಡೂರಿಗೆ ಸಾಗಿಸಬೇಕಾಗುತ್ತೆ’ ಎಂದರು. ಅವರ ದನಿಯಲ್ಲಿ ಕೋಪ ಇರಲಿಲ್ಲ, ಅದಕ್ಕೇ ನನಗೆ ಹೆಚ್ಚು ಭಯವಾಯಿತು. ಶಾಲೆ ಹೋದರೆ ನಾನೂ ಹೋದೆ, ಅದು ಸರಿ. ಆದರೆ ಕೆರೆ ಏರಿಯ ಮೇಲೆ ಅಷ್ಟು ದೂರ ಈ ಊರಿನ ಹೆಣ್ಣುಮಕ್ಕಳನ್ನು ಯಾರೂ ಕಳಿಸುವುದಿಲ್ಲ ಎನ್ನುವುದು ಇನ್‌ಸ್ಪೆಕ್ಟರಿಗೆ ಗೊತ್ತಿಲ್ಲದಿದ್ದರೂ ಚೌಡಿಗೆ ಗೊತ್ತಿತ್ತು. ಚೌಡಿ ಎಂದರೆ ಚೌಡಮ್ಮ, ಮುನಿಶಾಮಪ್ಪನವರ ಮಗಳು, ಮೂರನೇ ಕ್ಲಾಸು. ಮುಂದಿನ ಎರಡು ಹಲ್ಲು ಬಿದ್ದಿದ್ದರೂ ಮುಖದಲ್ಲಿ ಅಮಲ್ದಾರರ ಗಾಂಭೀರ್ಯ. ಇನ್‌ಸ್ಪೆಕ್ಟರು ಮರೆಯಾದ ಮೇಲೆ ನನ್ನ ಪಕ್ಕ ಬಂದು ನಿಂತು, ‘ಇಪ್ಪತ್ತು ಆಗದೇ ಇದ್ರೆ ನಾನು ಸ್ಕೂಲು ಬಿಡಬೇಕಾ ಸಾ?’ ಎಂದಳು. ‘ಆಗತ್ತೆ ಹೋಗಮ್ಮ. ನಾನೊಂದು ಏರ್ಪಾಟು ಮಾಡ್ತೀನಿ’ ಎಂದೆ. ಆ ‘ಏರ್ಪಾಟು’ ಎಂಬ ಮಾತು ನನ್ನ ಬಾಯಿಂದ ಬಂದ ಗಳಿಗೆ ಎಂಥದೋ!

ಆ ಭಾನುವಾರ ಮಾಲೂರಿಗೆ ಹೋಗಿದ್ದೆ. ಸ್ಟೇಷನ್ನಿನಲ್ಲಿ ಹುರಿದ ಕಡಲೆಕಾಯಿ ಕೊಂಡೆ. ತಿಂದು ಮುಗಿಸಿ ಪೊಟ್ಟಣ ಬಿಡಿಸಿದರೆ ಒಳಗೆ ಇಂಗ್ಲಿಷ್ ಅಚ್ಚು. ಯಾವುದೋ ಪಟ್ಟಣದ ಯಾವುದೋ ದೊಡ್ಡ ಶಾಲೆ, ಮಕ್ಕಳ ತಂದೆತಾಯಿಗಳಿಗಾಗಿ ಅಚ್ಚು ಹಾಕಿಸಿದ ನಿಯಮಗಳು! ನನ್ನ ಮೈ ಜುಮ್ಮೆಂದಿತು. ಇಷ್ಟು ದಿನ ನಾನು ಮಕ್ಕಳಿಗೆ ಮಾತ್ರ ನಿಯಮ ಮಾಡುತ್ತಿದ್ದೆನಲ್ಲ, ಮೂರ್ಖ! ಮಕ್ಕಳನ್ನು ಕಳಿಸುವವರು ಯಾರು? ನಿಯಮ ಬೇಕಾದ್ದು ಅವರಿಗೆ. ಪೊಟ್ಟಣದಲ್ಲಿ ಏಳನೇ ನಿಯಮದಿಂದ ಹದಿನೈದರವರೆಗೆ ಮಾತ್ರ ಇತ್ತು. ಮೊದಲಿನ ಆರು ಬೇರೆ ಯಾರದೋ ಕಡಲೆಕಾಯಿಯ ಜೊತೆ ಹೋಗಿದ್ದವು. ಆ ಆರನ್ನು ನಾನೇ ಸ್ವಂತವಾಗಿ ಕಟ್ಟಿದೆ. ಉಳಿದದ್ದನ್ನು ಡಿಕ್ಷನರಿ ಹಿಡಿದು ಕನ್ನಡಕ್ಕೆ ತಂದೆ. ಮರಳಿ ಬರುವಾಗ ಕುರುಡುಮಲೆಗೆ ಹೋಗಿ ಆ ದೊಡ್ಡ ಗಣೇಶನ ಮುಂದೆ ಕಾಗದವಿಟ್ಟು, ಯಾವ ವಿಘ್ನವೂ ಬಾರದಿರಲೆಂದು ಕೈ ಮುಗಿದೆ. ಈಗ ಯೋಚಿಸಿದರೆ, ಬರಲಿರುವ ವಿಘ್ನ ಯಾವುದು ಎನ್ನುವುದು ಆ ಸ್ವಾಮಿಗೆ ಅಲ್ಲೇ, ಕಾಲ ಬುಡದಲ್ಲೇ ಕಂಡಿರಬೇಕು.

ಅಮಾವಾಸ್ಯೆ ದಿನ ಊರಿನಲ್ಲಿ ಯಾರೂ ನೇಗಿಲು ಕಟ್ಟುವುದಿಲ್ಲ. ಅವತ್ತು ಎಲ್ಲರನ್ನೂ ಶಾಲೆಯ ಮುಂದೆ ಕೂರಿಸಿ ಹದಿನೈದು ನಿಯಮಗಳನ್ನೂ ಓದಿದೆ. ಮೊದಲನೆಯದಕ್ಕೇ ತಕರಾರು ಶುರುವಾಯಿತು. ‘ಗಂಟೆ ಹೊಡೆಯುವ ಹತ್ತು ನಿಮಿಷ ಮುಂಚೆ ಮಗು ಶಾಲೆಯಲ್ಲಿರತಕ್ಕದ್ದು.’ ಮುನಿಶಾಮಪ್ಪನವರು ತಲೆಯ ಮೇಲಿನ ಟವಲು ತೆಗೆದು ಭುಜಕ್ಕೆ ಹಾಕಿಕೊಂಡರು. ಅವರು ಹಾಗೆ ಮಾಡಿದರೆ ಮಾತಾಡುತ್ತಾರೆ ಎಂದರ್ಥ. ‘ಅಲ್ಲ ಮೇಷ್ಟ್ರೇ, ಗಂಟೆ ಹೊಡೆದ ಮೇಲೆ ತಾನೇ ಗಂಟೆ ಆಯ್ತು ಅಂತ ನಮಗೆ ಗೊತ್ತಾಗೋದು? ಹತ್ತು ನಿಮಿಷ ಮುಂಚೆ ಗೊತ್ತಾಗೋಕೆ ನಮ್ಮ ಊರಾಗೆ ಗಡಿಯಾರ ಯಾರ ಮನೇಲೈತೆ?’ ಸರಿ, ಹತ್ತು ನಿಮಿಷ ಮುಂಚೆ ಒಂದು ಎಚ್ಚರಿಕೆ ಗಂಟೆ ಹೊಡೆಯುತ್ತೇನೆ ಎಂದು ಒಪ್ಪಿಕೊಂಡೆ. ಒಂದು ವಾರದಲ್ಲಿ ಎಲ್ಲರೂ ಎಚ್ಚರಿಕೆ ಗಂಟೆಯನ್ನೇ ನಿಜವಾದ ಗಂಟೆ ಎಂದುಕೊಂಡು, ‘ಅದಕ್ಕೂ ಮುಂಚೆ ಒಂದು ಹೊಡೀರಿ ಸ್ವಾಮಿ’ ಎಂದರು. ಅದನ್ನೂ ಹೊಡೆದೆ. ಹುಣಸೇಮರಕ್ಕೆ ನೇತುಹಾಕಿದ್ದ ರೈಲುಕಂಬಿಯ ತುಂಡನ್ನು ಬೆಳಗಿನಿಂದ ಬಡಿದು ಬಡಿದು ನನ್ನ ತೋಳು ಕಮ್ಮಾರನ ತೋಳಿನಂತಾಯಿತು. 

ಎಂಟನೇ ನಿಯಮ, ಪ್ರತಿ ಮಗುವಿನ ಅಂಗಿಗೆ ಒಂದು ಕರವಸ್ತ್ರವನ್ನು ಸಿಕ್ಕಿಸಿ ಕಳಿಸತಕ್ಕದ್ದು. ಅದರ ಗತಿಯನ್ನು ಕೇಳಬೇಡಿ. ಒಬ್ಬ ಹಳೇ ಕಂಬಳಿಯ ಮೂಲೆಯನ್ನು ಕತ್ತರಿಸಿ ಸಿಕ್ಕಿಸಿಕೊಂಡು ಬಂದ. ಇನ್ನೊಬ್ಬ ತಾತನ ಪಂಚೆಯನ್ನು ಇಡಿಯಾಗಿ ಸಿಕ್ಕಿಸಿಕೊಂಡು, ಅದರ ತುದಿ ತುಳಿದು ಬಾಗಿಲಲ್ಲಿ ಬಿದ್ದು, ಹಿಂದೆಯೇ ಪಂಚೆಗಾಗಿ ತಾತ ಬಂದರು. ಹೋಗಲಿ ಬಿಡಿ. ನನ್ನ ಬದುಕನ್ನು ಹಾಳು ಮಾಡಿದ್ದು ಒಂಬತ್ತನೆಯದು. ‘ಮಗು ಶಾಲೆಗೆ ಬಾರದಿದ್ದಲ್ಲಿ, ಕಾರಣ ತಿಳಿಸುವ ಚೀಟಿಯನ್ನು ಪೋಷಕರು ಕಳಿಸತಕ್ಕದ್ದು. ಚೀಟಿ ಇಲ್ಲದೆ ಒಳಗೆ ಬರಬಾರದು.’ ಇದು ನನ್ನ ಬ್ರಹ್ಮಾಸ್ತ್ರ. ಚೀಟಿ ಕೊಡುವುದಕ್ಕೆ ಕಷ್ಟಪಟ್ಟುಕೊಂಡು ಮಕ್ಕಳನ್ನು ತಪ್ಪದೆ ಕಳಿಸುತ್ತಾರೆ, ಇಪ್ಪತ್ತೇನು, ಇಪ್ಪತ್ತಾರೂ ಬರುತ್ತಾರೆ ಎಂದು ನನ್ನ ಲೆಕ್ಕ. ಎಲ್ಲರಿಗೂ ನೆನಪಿರಲೆಂದು ಶಾಲೆಯ ಬಾಗಿಲಿನ ಮುಂದೆ ಸುಣ್ಣದಲ್ಲಿ ಒಂದು ಗೆರೆಯನ್ನೂ ಎಳೆದೆ.

ಮಾರನೆಯ ಸಂಜೆಯೇ ಮುನಿಶಾಮಪ್ಪನವರು ನನ್ನ ಮನೆಯ ಜಗಲಿಯಲ್ಲಿ ಹಾಜರ್. ‘ಇವತ್ತು ಚೌಡಿ ಸೊಪ್ಪು ಕೊಯ್ಯೋಕೆ ಬಂದಿದ್ಲು. ಚೀಟಿ ಬೇಕಂತಲ್ಲ, ಬರೀರಿ.’

‘ನಾನು ಬರೆಯೋದಾ? ಚೀಟಿ ನನಗೆ ಬರಬೇಕಾದ್ದು ಮುನಿಶಾಮಪ್ಪನವರೇ!’

‘ನಿಮಗೇ ಬರತ್ತೆ. ಬರೆದು ನನ್ನ ಕೈಗೆ ಕೊಡಿ, ನಾನು ಚೌಡಿ ಕೈಗೆ ಕೊಡ್ತೀನಿ, ಅವಳು ನಿಮ್ಮ ಕೈಗೆ ಕೊಡ್ತಾಳೆ. ಊರಾಗೆ ಬರೆಯೋಕೆ ಬರೋದು ನಿಮಗೊಬ್ಬರಿಗೇ ತಾನೇ? ಶ್ಯಾನುಭೋಗರು ಇರೋದು ಮೂರು ಮೈಲಿ ಆಚೆ. ಅವರತ್ರ ಹೋದ್ರೆ ಬರೆಯೋಕೆ ಮುಂಚೆ ಕುಂಬಳಕಾಯಿ ಕೇಳ್ತಾರೆ.’

ಇದು ನನಗೆ ಹೊಳೆದಿರಲಿಲ್ಲ. ಹದಿನೈದು ನಿಯಮ ಕಟ್ಟಿದವನಿಗೆ ಊರಿನಲ್ಲಿ ಒಬ್ಬರಿಗೂ ಓದು ಬರಹ ಬಾರದು ಎಂಬುದು ಹೊಳೆಯಲಿಲ್ಲವೇ ಎಂದು ನೀವು ಕೇಳಬಹುದು. ಗೊತ್ತಿತ್ತು ಸ್ವಾಮಿ, ಗೊತ್ತಿತ್ತು. ಆದರೆ ಅದನ್ನು ಒಂದು ಕಾಗದದಲ್ಲೂ ಇದನ್ನು ಇನ್ನೊಂದು ಕಾಗದದಲ್ಲೂ ಬರೆದಿಟ್ಟಿದ್ದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿರಲಿಲ್ಲ, ಅಷ್ಟೆ.

ಬರೆದೆ. ಬರೆಯಲು ಕೂತ ಮೇಲೆ ನನ್ನ ಉತ್ಸಾಹ ಕೇಳಬೇಕೆ? ‘ಮಹಾರಾಜಶ್ರೀ ಉಪಾಧ್ಯಾಯರವರ ದಿವ್ಯ ಸನ್ನಿಧಾನಕ್ಕೆ, ತಮ್ಮ ಆಜ್ಞಾಧಾರಕ ಮುನಿಶಾಮಪ್ಪನು ಮಾಡುವ ವಿಜ್ಞಾಪನೆ ಏನೆಂದರೆ’ ಎಂದು ನನ್ನನ್ನು ನಾನೇ ಚೆನ್ನಾಗಿ ಹೊಗಳಿ ಬರೆದು, ಅವರ ಹೆಬ್ಬೆಟ್ಟು ಒತ್ತಿಸಿ ಕೊಟ್ಟೆ. ಬೆಳಿಗ್ಗೆ ಚೌಡಿ ಗೆರೆಯ ಆಚೆ ನಿಂತು ಚೀಟಿ ನೀಡಿದಳು. ನಾನು ಕನ್ನಡಕ ಏರಿಸಿಕೊಂಡು ಓದಿದೆ. ಓದಿದರೆ ತಾರೀಖು ಇಲ್ಲ! ತಾರೀಖು ಇಲ್ಲದ ಚೀಟಿ ಚೀಟಿಯೇ ಅಲ್ಲ ಎಂದು ಹತ್ತನೇ ನಿಯಮ. ವಾಪಸು ಕಳಿಸಿದೆ. ಅರ್ಧ ಗಂಟೆಯಲ್ಲಿ ಮುನಿಶಾಮಪ್ಪನವರು ಕೊಡಲಿ ಹಿಡಿದೇ ಬಂದರು. ಹೊಲದಿಂದ ನೇರ ಬಂದದ್ದು, ಬೇರೆ ಉದ್ದೇಶ ಏನೂ ಇರಲಿಲ್ಲ ಎಂದು ಆಮೇಲೆ ಹೇಳಿದರು.

‘ತಪ್ಪು ಯಾರದು ಮೇಷ್ಟ್ರೇ? ಬರೆದೋರು ನೀವು.’

‘ಬರೆದದ್ದು ನಾನೇ. ಆದರೆ ಬರೆಸಿದ್ದು ನೀವು. ಬರೆಸಿದೋರು ನೋಡ್ಕೋಬೇಕು.’

ಮುನಿಶಾಮಪ್ಪನವರು ಆಕಾಶ ನೋಡಿದರು. ‘ನಾನು ನೂಲು ಕೊಡದೇ ಇದ್ರೆ ವಿಮಾನದಿಂದ ನೆಗೆಯೋ ಸೋಲ್ಜರಿಗೆ ರೇಷ್ಮೆ ಕೊಡೆ ಇರಲ್ವಂತೆ. ನಿಮ್ಮ ತಾರೀಖು ಬರೋಗಂಟ ಅವನು ಅಲ್ಲೇ ಮ್ಯಾಲೆ ನಿಂತಿರ್ತಾನಾ?’

ತಾರೀಖು ಹಾಕಿಕೊಟ್ಟೆ.

ಅಂದಿನಿಂದ ನನ್ನ ಜಗಲಿ ರಿಜಿಸ್ಟ್ರಾರ್ ಕಚೇರಿಯ ಅಂಗಳವಾಯಿತು. ಸಂಜೆಯಾದರೆ ಚೀಟಿ ಬರೆಸುವವರ ಸಾಲು. ಕೆಲವರು ಬುದ್ಧಿವಂತರು, ಮುಂದಿನ ವಾರದ ನಾಲ್ಕು ಚೀಟಿಯನ್ನು ಒಟ್ಟಿಗೆ ಬರೆಸಿಕೊಂಡು ಹೋದರು. ಕಾರಣ ಏನು ಎಂದರೆ, ‘ಜ್ವರ ಅಂತ ಎರಡು, ನೆಂಟರು ಅಂತ ಎರಡು ಹಾಕಿ, ಯಾವುದು ಬೇಕೋ ಅದು ಕೊಡ್ತೀವಿ’ ಎನ್ನುತ್ತಿದ್ದರು. ರೋಸಿಹೋಗಿ ನಾನು ಕಡಲೆಕಾಯಿ ಪೊಟ್ಟಣವನ್ನು ಮತ್ತೆ ತೆಗೆದು, ಇದಕ್ಕೆ ಪಟ್ಟಣದವರು ಏನು ಮಾಡಿದ್ದಾರೆ ಎಂದು ಡಿಕ್ಷನರಿ ಹಿಡಿದು ಕೂತೆ. ಎಣ್ಣೆಯ ಕಲೆಯಡಿ ಒಂದು ಸಾಲು ಉಳಿದುಬಿಟ್ಟಿತ್ತು. ಚೀಟಿಯು ಪೋಷಕರ ಸ್ವಂತ ಕೈಬರಹದಲ್ಲಿಯೇ ಇರತಕ್ಕದ್ದು! ಅಯ್ಯೋ, ಇಷ್ಟು ದಿನ ನಿಯಮ ಮುರಿದವನು ನಾನೇ! ತಕ್ಷಣ ಸಾರಿದೆ, ಇನ್ನು ನಾನು ಯಾರಿಗೂ ಬರೆದುಕೊಡುವುದಿಲ್ಲ, ಚೀಟಿ ನಿಮ್ಮ ಸ್ವಂತ ಕೈಬರಹದಲ್ಲಿ ಬರಬೇಕು. ಜನ ತಲೆಯಾಡಿಸಿಕೊಂಡು ಎದ್ದುಹೋದರು. ಜನ ಜಗಳವಾಡದೆ ಎದ್ದುಹೋದರೆ ಕೆಲಸ ಕೆಟ್ಟಿತೆಂದು ಅರ್ಥ, ಆದರೆ ನಾನು ಅದನ್ನು ನನ್ನ ನಿಯಮದ ಗೆಲುವು ಎಂದುಕೊಂಡೆ.

ಒಂದು ವಾರ ಕಳೆಯುವುದರಲ್ಲಿ ಗೆಲುವಿನ ರುಚಿ ತಿಳಿಯಿತು. ಒಂದು ದಿನ ತಪ್ಪಿಸಿಕೊಂಡ ಮಗು ಮಾರನೆಯ ದಿನ ಬರುವಂತಿಲ್ಲ, ಏಕೆಂದರೆ ಚೀಟಿ ಇಲ್ಲ. ಚೀಟಿ ಇಲ್ಲ, ಏಕೆಂದರೆ ಅಪ್ಪನಿಗೆ ಬರೆಯಲು ಬಾರದು. ಮೂರನೆಯ ದಿನವೂ ಅದೇ, ನಾಲ್ಕನೆಯ ದಿನವೂ ಅದೇ. ಒಂದು ಸಲ ಹೊರಗೆ ಬಿದ್ದವನು ಮತ್ತೆ ಒಳಗೆ ಬರುವ ದಾರಿಯೇ ಇರದ ಹಾಗೆ ನಾನು ಕೋಟೆ ಕಟ್ಟಿದ್ದೆ. ಅದೇ ಹೊತ್ತಿಗೆ ಊರಿನ ಹುಳವೆಲ್ಲ ಒಟ್ಟಿಗೆ ನಾಲ್ಕನೇ ಪೊರೆ ಬಿಟ್ಟು ಎದ್ದವು. ಎದ್ದ ಹುಳದ ಹಸಿವು ನೋಡಿದವರಿಗೇ ಗೊತ್ತು. ಹೊತ್ತಿಗೆ ಸರಿಯಾಗಿ ಸೊಪ್ಪು ಬೀಳದಿದ್ದರೆ ತಿಂಗಳ ಶ್ರಮ ಮಣ್ಣು. ಮನೆಯ ಕೂಸಿನಿಂದ ಮುದುಕಿಯವರೆಗೆ ಎಲ್ಲರೂ ಸೊಪ್ಪು ಕೊಯ್ಯುವುದು, ತರುವುದು, ಹಾಕುವುದು. ಶಾಲೆಯಲ್ಲಿ ಉಳಿದದ್ದು ಹುಳ ಸಾಕದ ಮೂರು ಮನೆಗಳ ಏಳು ಮಕ್ಕಳು. ಆ ಏಳರಲ್ಲೂ ಇಬ್ಬರು ಅವಳಿಜವಳಿ, ದೂರದಿಂದ ನೋಡಿದರೆ ಒಬ್ಬನೇ ಇದ್ದ ಹಾಗಿರುತ್ತಿತ್ತು.

ಆಗ ಇನ್‌ಸ್ಪೆಕ್ಟರು ಮುಳಬಾಗಿಲಿಗೆ ಬಂದಿದ್ದಾರೆ, ಈ ವಾರದೊಳಗೆ ಈ ಕಡೆಗೂ ಬರುತ್ತಾರೆ ಎಂದು ಸುದ್ದಿ ಬಂತು. ತಲೆಗೆ ವಾಸನೆ ಎಣ್ಣೆ ಹಚ್ಚಿ, ಕ್ರಾಪು ತೀಡಿಕೊಂಡು, ಮೊದಲು ಮುನಿಶಾಮಪ್ಪನವರ ಮನೆಗೇ ಓಡಿದೆ. ಹೊಸ್ತಿಲ ಮೇಲೆ ಕಾಲಿಟ್ಟಿದ್ದೆನೋ ಇಲ್ಲವೋ, ‘ಆಗಂಡಿ ಅಯ್ಯವಾರೂ, ಆಗಂಡಿ!’ ಎಂದು ಚೌಡಿಯ ತಾಯಿ ವೆಂಕಟಮ್ಮ ತೆಲುಗಿನಲ್ಲೇ ಕೂಗಿಕೊಂಡು ಅಡ್ಡ ಬಂದರು. ನಿಲ್ಲಿ ಎಂದು ಅರ್ಥ. ಅರ್ಥ ಹೇಳುವ ಅಗತ್ಯ ಇರಲಿಲ್ಲ, ಅವರ ಕೈಯಲ್ಲಿ ಪೊರಕೆ ಇತ್ತು.

‘ಕಾಲು ತೊಳೆದ್ರಾ?’

‘ಇಲ್ಲ ಅಮ್ಮ.’

‘ತಲೆಗೆ ಅದೇನು ಘಮಘಮ ಅಂತ ಹಚ್ಕೊಂಡಿದ್ದೀರಿ? ಆ ವಾಸನೆಗೆ ನಮ್ಮ ಹುಳ ಸೊಪ್ಪು ಮುಟ್ಟಲ್ಲ. ಹೊಗೆಸೊಪ್ಪು ಹಾಕಿದೋರು ಒಳಗೆ ಬರಬಾರದು. ಮೀನು ತಿಂದೋರು ಬರಬಾರದು. ಬಂದೋರು ಜೋರಾಗಿ ಮಾತಾಡಬಾರದು. ಹುಳ ಎಷ್ಟವೆ ಅಂತ ಕೇಳಬಾರದು, ದಪ್ಪಗವೆ ಅನ್ನಬಾರದು, ಬೊಟ್ಟು ಮಾಡಿ ತೋರಿಸಬಾರದು. ನಿಮ್ಮ ಸ್ಕೂಲಿಗೆ ರೂಲ್ಸು ಇದ್ದಂಗೆ ನಮ್ಮ ಹುಳಮನೆಗೂ ಐತೆ. ಅಲ್ಲೇ ನಿಂತ್ಕೊಂಡು ಮಾತಾಡಿ.’

ನಾನು ಹೊಸ್ತಿಲಾಚೆ ನಿಂತೆ. ಒಳಗೆ, ಸಾಲುಸಾಲು ಬಿದಿರಿನ ತಟ್ಟೆಗಳಲ್ಲಿ ಹುಳಗಳು ಸೊಪ್ಪು ತಿನ್ನುವ ಸದ್ದು ಮಳೆ ಹನಿಯುವ ಹಾಗೆ ಕೇಳುತ್ತಿತ್ತು. ಚೌಡಿ ಒಂದು ಮಾತೂ ಆಡದೆ ತಟ್ಟೆಯಿಂದ ತಟ್ಟೆಗೆ ಸೊಪ್ಪು ಹರಡುತ್ತಿದ್ದಳು. ನನಗೆ ಸಿಟ್ಟು ಬರಬೇಕಾಗಿತ್ತು, ಬಂದದ್ದು ಹೊಟ್ಟೆಕಿಚ್ಚು. ಎಷ್ಟೊಂದು ನಿಯಮ! ಕಾಗದ ಇಲ್ಲ, ಅಂಕಿ ಇಲ್ಲ, ‘ತಕ್ಕದ್ದು’ ಇಲ್ಲ. ಮನೆಯವರೆಲ್ಲರೂ, ಕೊನೆಗೆ ಮುನಿಶಾಮಪ್ಪನವರಂಥ ಮುನಿಶಾಮಪ್ಪನವರೂ, ಉಸಿರೆತ್ತದೆ ಪಾಲಿಸುತ್ತಿದ್ದಾರೆ. ‘ಚೌಡೀನ ಇನ್‌ಸ್ಪೆಕ್ಟ್ರು ಬರೋ ದಿನ ಒಂದು ದಿನ ಕಳಿಸಿ ಅಮ್ಮ’ ಎಂದೆ, ಪಿಸುಮಾತಿನಲ್ಲಿ. ‘ಹುಳ ಗೂಡು ಕಟ್ಟೋಕೆ ಬಿದಿರಿನ ಚಂದ್ರಿಕೆ ಹತ್ತಲಿ, ಅವತ್ತೇ ಕಳಿಸ್ತೀನಿ. ಆದ್ರೆ ಚೀಟಿಗೆ ಏನು ಮಾಡಲಿ?’ ಎಂದರು ವೆಂಕಟಮ್ಮ. ಆಗಲೇ, ‘ಚೀಟಿ ಬೇಡ, ಸುಮ್ಮನೆ ಕಳಿಸಿ’ ಎಂದುಬಿಡಬಹುದಿತ್ತು. ನಾಲಿಗೆಯ ತುದಿವರೆಗೂ ಬಂದಿತ್ತು. ಆದರೆ ನಿಯಮ ಮಾಡುವ ಚಟದವನಿಗೆ ಅದನ್ನು ನುಂಗುವುದು ಕಲ್ಲು ನುಂಗಿದ ಹಾಗೆ. ‘ನೋಡೋಣ’ ಎಂದು ಬಂದುಬಿಟ್ಟೆ.

ನಾನು ನೋಡುವುದರೊಳಗೆ ಇನ್‌ಸ್ಪೆಕ್ಟರು ಬಂದರು. ಬೆಳಿಗ್ಗೆ ಮೂರೂ ಗಂಟೆ ಹೊಡೆದು ಮುಗಿಸಿ ತಿರುಗಿದರೆ ಹಿಂದೆ ಸೈಕಲ್ಲು. ಒಳಗೆ ಕೂತು ಎಣಿಸಿದರು, ಏಳು. ಅವಳಿಗಳನ್ನು ನೋಡಿ ಸಂಶಯ ಬಂದು ಮತ್ತೆ ಎಣಿಸಿದರು, ಏಳು. ಹಾಜರಿ ಪುಸ್ತಕ ಮುಚ್ಚಿ ಉಸಿರುಬಿಟ್ಟು ಬಾಗಿಲಾಚೆ ನೋಡಿದವರು ಹಾಗೇ ನಿಂತರು. ಸುಣ್ಣದ ಗೆರೆಯ ಆಚೆ, ಗೆರೆಗೆ ಸರಿಯಾಗಿ ಕಾಲ ಬೆರಳು ಕೂಡಿಸಿಕೊಂಡು, ಹದಿನಾರು ಮಕ್ಕಳು ಸಾಲಾಗಿ ನಿಂತಿದ್ದವು. ಮೈ ತೊಳೆದು, ತಲೆ ಬಾಚಿ, ಎದೆಗೆ ಕಂಬಳಿಯ ತುಂಡೋ ಸೀರೆಯ ಅಂಚೋ ಸಿಕ್ಕಿಸಿಕೊಂಡು, ಎಲ್ಲಾ ನಿಯಮದ ಪ್ರಕಾರ. ಹಿಂದಿನ ದಿನ ಹುಳ ಚಂದ್ರಿಕೆ ಹತ್ತಿತ್ತು. ಕೆಲಸ ಮುಗಿದಿತ್ತು. ತಂದೆತಾಯಿಗಳೂ ಏನಾಗುತ್ತದೆ ನೋಡೋಣ ಎಂದು ಹುಣಸೇಮರದಡಿ ಬಂದು ಕೂತಿದ್ದರು.

‘ಇವು ಯಾವ ಊರಿನ ಮಕ್ಕಳು?’ ಎಂದರು ಇನ್‌ಸ್ಪೆಕ್ಟರು.

‘ನಮ್ಮವೇ ಸಾರ್.’

‘ಹಾಗಾದರೆ ಹೊರಗೆ ಯಾಕೆ ನಿಂತಿವೆ?’

‘ನಿಯಮ ಸಾರ್.’

‘ಯಾವ ನಿಯಮ ರೀ? ಇಲಾಖೆಯಲ್ಲಿ ನಾನು ಕಾಣದ ನಿಯಮ?’

ಕಡಲೆಕಾಯಿ ಪೊಟ್ಟಣದ್ದು ಎಂದು ಹೇಗೆ ಹೇಳಲಿ? ಬಾಗಿಲಿಗೆ ಬಂದು, ‘ಬನ್ರೋ, ಬನ್ರೋ ಒಳಗೆ!’ ಎಂದು ಎರಡೂ ಕೈಯಲ್ಲಿ ಕರೆದೆ. ಒಂದು ಮಗುವೂ ಅಲುಗಲಿಲ್ಲ.

‘ಚೀಟಿ ಇಲ್ಲ ಸಾ’ ಎಂದಳು ಚೌಡಿ.

‘ಚೀಟಿ ಬೇಡ ಕಣೇ, ಬಾರೇ ನಮ್ಮವ್ವ!’

ಚೌಡಿ ಒಮ್ಮೆ ಇನ್‌ಸ್ಪೆಕ್ಟರನ್ನು ನೋಡಿದಳು, ಒಮ್ಮೆ ನನ್ನನ್ನು. ದನಿ ತಗ್ಗಿಸಿ, ಆದರೆ ಊರಿಗೆಲ್ಲ ಕೇಳುವ ಹಾಗೆ, ‘ಬೇಡ ಸಾ. ದೊಡ್ಡೋರ ಮುಂದೆ ನೀವೇ ರೂಲ್ಸು ಮುರಿದ್ರೆ ನಿಮಗೆ ಕೆಟ್ಟ ಹೆಸರು ಬರತ್ತೆ’ ಎಂದಳು.

ಇನ್‌ಸ್ಪೆಕ್ಟರು ಮೀಸೆಯ ಮೇಲೆ ಕೈ ಇಟ್ಟುಕೊಂಡರು. ನಗುತ್ತಿದ್ದರೋ ಹಲ್ಲು ಕಡಿಯುತ್ತಿದ್ದರೋ ಕಾಣಲಿಲ್ಲ. ನನ್ನ ಶಾಲೆ ಎರಡು ಬೆರಳು ಅಗಲದ ಸುಣ್ಣದ ಗೆರೆಯ ಆಚೆ ನಿಂತಿತ್ತು, ಅದನ್ನು ಒಳಗೆ ಕರೆದುಕೊಳ್ಳಲು ನನಗೆ ಆಗುತ್ತಿರಲಿಲ್ಲ. ಆಗ ಚೌಡಿ ಏನೋ ಯೋಚಿಸಿ, ಸ್ಲೇಟು ಬಳಪ ತೆಗೆದುಕೊಂಡು ಮರದಡಿಗೆ ಓಡಿದಳು. ಅಮ್ಮನ ಪಕ್ಕ ಕುಕ್ಕರುಗಾಲಲ್ಲಿ ಕೂತು, ‘ಕೈ ಕೊಡಮ್ಮ’ ಎಂದು ವೆಂಕಟಮ್ಮನ ಬೆರಳುಗಳ ಮಧ್ಯೆ ಬಳಪ ಇಟ್ಟು, ಆ ಕೈಯ ಮೇಲೆ ತನ್ನ ಕೈ ಇಟ್ಟು ಹಿಡಿದಳು. ಹೊಸ ಮಕ್ಕಳ ಕೈಯನ್ನು ಮೊದಲ ದಿನ ಮರಳಿನಲ್ಲಿ ನಾನು ಹಿಡಿಯುವ ಹಾಗೇ, ಹೆಬ್ಬೆರಳು ಇಡುವ ಜಾಗವೂ ಅದೇ. ‘ಅಯ್ಯಯ್ಯೋ, ಕೈಮ್ಯಾಲೆಲ್ಲ ಹುಳ ಹರಿದಂಗಾಗ್ತೈತೆ ಕಣೇ’ ಎಂದು ವೆಂಕಟಮ್ಮ ನಕ್ಕರು. ‘ಅಲುಗಾಡಬೇಡಮ್ಮ. ಇದು ನಿನ್ನ ಸ್ವಂತ ಕೈಬರಹ’ ಎಂದು ಚೌಡಿ ಗದರಿಸಿದಳು. ಇದನ್ನು ಕಂಡು ಉಳಿದ ಹದಿನೈದು ಮಕ್ಕಳೂ ಸ್ಲೇಟು ಹಿಡಿದು ಓಡಿದವು. ಮುನಿಶಾಮಪ್ಪನವರು, ತಮ್ಮ ಮನೆಯ ಚೀಟಿ ಹೆಂಡತಿಯ ಕೈಯಲ್ಲಿ ಆಗುತ್ತಿದ್ದರೂ, ಟವಲು ಭುಜಕ್ಕೆ ಹಾಕಿಕೊಂಡು, ‘ನನ್ನ ಕೈ ಯಾರಾದರೂ ಹಿಡೀರ್ಲಾ’ ಎಂದು ಮರದ ಸುತ್ತ ಸುತ್ತಿದರು. ಅಕ್ಷರ ಕಲಿಯದ ಮಕ್ಕಳು ಅಪ್ಪನ ಕೈ ಹಿಡಿದು ಬರೀ ಸೊನ್ನೆ ಸುತ್ತಿಸಿದವು. ಇನ್‌ಸ್ಪೆಕ್ಟರ ಮುಂದೆ ನಾನು ತಂದಿಟ್ಟಿದ್ದ ಕಾಫಿ ಆರಿ ಕೆನೆಗಟ್ಟಿತು.

ಮೊದಲ ಚೀಟಿ ಗೆರೆಯ ಹತ್ತಿರ ಬಂತು. ಇನ್‌ಸ್ಪೆಕ್ಟರೇ ಕೈ ಚಾಚಿ ತೆಗೆದುಕೊಂಡು ಗಟ್ಟಿಯಾಗಿ ಓದಿದರು. ‘ಮೇಷ್ಟ್ರಿಗೆ. ಹುಳಕ್ಕೆ ಸೊಪ್ಪು ಹಾಕಬೇಕಿತ್ತು. ಅದಕ್ಕೆ ಚೌಡಿ ಬರಲಿಲ್ಲ. ಆಮೇಲೆ ಚೀಟಿ ಬೇಕು ಅಂದರು. ಚೀಟಿ ಬರೆಯೋಕೆ ಸ್ಕೂಲಿಗೆ ಬರಬೇಕು. ಸ್ಕೂಲಿಗೆ ಬರೋಕೆ ಚೀಟಿ ಬೇಕು. ಅದಕ್ಕೂ ಬರಲಿಲ್ಲ. ವೆಂಕಟಮ್ಮ.’ ಇನ್‌ಸ್ಪೆಕ್ಟರು ಸ್ಲೇಟನ್ನು ನನ್ನ ಕೈಗೆ ಕೊಟ್ಟು, ‘ಇದರಲ್ಲಿ ಏನು ತಪ್ಪಿದೆ, ಹೇಳಿ ಮೇಷ್ಟ್ರೇ’ ಎಂದರು.

ದೇವರಾಣೆ, ನನ್ನ ನಾಲಿಗೆ ನನ್ನ ಕೈಯಲ್ಲಿರಲಿಲ್ಲ. ‘ತಾರೀಖು ಇಲ್ಲ ಸಾರ್’ ಎಂದುಬಿಟ್ಟೆ.

ಆಗ ಅವರು ಮೀಸೆಯ ಮೇಲಿನ ಕೈ ತೆಗೆದರು. ನಗುತ್ತಿದ್ದರು. ಹದಿನಾರನ್ನೂ ಒಳಗೆ ಕರೆದು ತಾವೇ ಎಣಿಸಿ, ತನಿಖೆ ಪುಸ್ತಕದಲ್ಲಿ ‘ಹಾಜರಿ ಇಪ್ಪತ್ತಮೂರು. ಶಾಲೆ ಇಲ್ಲಿಯೇ ಮುಂದುವರಿಯಬಹುದು’ ಎಂದು ಬರೆದರು. ಅದರ ಕೆಳಗೆ ಇನ್ನೊಂದು ಸಾಲು. ‘ಉಪಾಧ್ಯಾಯರು ಬಹಳ ಶ್ರಮಜೀವಿ. ಸ್ವಲ್ಪ ಕಡಿಮೆ ಶ್ರಮ ವಹಿಸಿದಲ್ಲಿ ಶಾಲೆ ಇನ್ನೂ ಅಭಿವೃದ್ಧಿಯಾಗುವುದು.’ ಹೋಗುವಾಗ ಗೋಡೆಗೆ ಅಂಟಿಸಿದ್ದ ಹದಿನೈದು ನಿಯಮಗಳ ಕಾಗದವನ್ನು ಕಿತ್ತು ಮಡಿಸಿ ಜೇಬಿಗೆ ಹಾಕಿಕೊಂಡರು. ಓದಿಕೊಳ್ಳುವುದಕ್ಕೆ ಎಂದರು. ಅವರ ಮನೆಯಲ್ಲೂ ಉಪ್ಪಿನಕಾಯಿ ಜಾಡಿ ಇರಬಹುದು.

ಇಲ್ಲಿಗೆ ನನಗೆ ಬುದ್ಧಿ ಬಂತು ಎಂದು ಹೇಳಿದರೆ ನೀವು ನಂಬುತ್ತೀರಿ, ಆದರೆ ನಮ್ಮ ಊರಿನವರು ನಂಬುವುದಿಲ್ಲ. ನಾನು ಗೆರೆ ಅಳಿಸಲು ಹೋದರೆ ಮಕ್ಕಳು ಬಿಡಲಿಲ್ಲ. ಅವುಗಳಿಗೆ ಅದೊಂದು ಆಟವಾಗಿತ್ತು. ಒಂದು ದಿನ ತಪ್ಪಿಸಿಕೊಂಡರೆ ಅಮ್ಮನ ಕೈ ಹಿಡಿದು ಚೀಟಿ ಬರೆಸಿ ತರುವುದು. ಸುಣ್ಣ ಮಾಸಿದರೆ ಅವೇ ಬಳಿಯುತ್ತಿದ್ದವು. ಹೀಗಿರುವಾಗ ನಾನು ಒಂದು ಭಾನುವಾರ ಮಾಲೂರಿಗೆ ಹೋದವನು, ಮರಳಿ ಬರುವಾಗ ನಮ್ಮ ಇದ್ದಿಲು ಬಸ್ಸು ನರಸಾಪುರದ ಹತ್ತಿರ ಕೆಟ್ಟು ನಿಂತಿತು. ಕಂಡಕ್ಟರು ಒಲೆಗೆ ಇದ್ದಿಲು ತುಂಬಿ, ತಿದಿ ಒತ್ತಿ, ನಾವೆಲ್ಲ ಇಳಿದು ನೂಕಿ, ಸೋಮವಾರ ಪೂರ್ತಿ ದಾರಿಯಲ್ಲೇ ಹೋಯಿತು. ಮಂಗಳವಾರ ಬೆಳಿಗ್ಗೆ ಶಾಲೆಗೆ ಬಂದರೆ ಇಪ್ಪತ್ತೆರಡು ಮಕ್ಕಳು ಗೆರೆಯ ಒಳಗೆ, ನಾನು ಹೊರಗೆ.

‘ಚೀಟಿ ಸಾ?’ ಎಂದಳು ಚೌಡಿ.

ಜೇಬಿನಿಂದ ಕಾಗದ ತೆಗೆದು ಅಲ್ಲೇ ಬರೆಯಲು ಹೋದೆ. ‘ನೀವಲ್ಲ ಸಾ. ನಿಮ್ಮಮ್ಮ ಬರೀಬೇಕು, ಸ್ವಂತ ಕೈಬರಹ’ ಎಂದಳು.

‘ನಮ್ಮಮ್ಮನಿಗೆ ಬರೆಯೋಕೆ ಬರಲ್ಲ ಕಣಮ್ಮ.’

ಚೌಡಿಗೆ ಇದು ಅರ್ಥವೇ ಆಗಲಿಲ್ಲ. ಹುಬ್ಬು ಗಂಟು ಹಾಕಿಕೊಂಡು ನನ್ನನ್ನೇ ನೋಡಿದಳು. ‘ನೀವು ಕೈ ಹಿಡಿಯಲಿಲ್ವಾ ಸಾ?’

ಈ ತಾಲ್ಲೂಕಿನ ತಂದೆತಾಯಿಗಳಿಗೆಲ್ಲ ನಿಯಮ ಮಾಡಿದ ನಾನು ಗೆರೆಯ ಆಚೆ ನಿಂತು ನನ್ನ ಚಪ್ಪಲಿಯನ್ನು ನೋಡಿಕೊಂಡೆ. ಅವಳು ಕರುಣಾಮಯಿ, ‘ಇವತ್ತು ಒಳಗೆ ಬನ್ನಿ, ಮುಂದಿನ ಸಲ ತನ್ನಿ’ ಎಂದಳು. ಮುಂದಿನ ಸಲ ಮಾಲೂರಿಗೆ ಹೋದಾಗ ಚೀಲದಲ್ಲಿ ಸ್ಲೇಟು ತೆಗೆದುಕೊಂಡು ಹೋದೆ. ಅಮ್ಮ, ‘ಈ ವಯಸ್ಸಿನಾಗೆ ನನಗ್ಯಾಕೋ’ ಎಂದಳು, ‘ಒಲೆ ಮೇಲೆ ಮುದ್ದೆಗೆ ಎಸರಿಟ್ಟಿದ್ದೀನಿ ಕಣೋ’ ಎಂದಳು. ಕೊನೆಗೆ ಸೆರಗಿಗೆ ಕೈ ಒರೆಸಿಕೊಂಡು ಕೂತಳು. ಅಂದು ಸಂಜೆ, ಅದರ ಮುಂದಿನ ಭಾನುವಾರ, ಆಮೇಲೆ ದೀಪಾವಳಿಯ ಮೂರು ದಿನ ಹೀಗೇ ಸ್ಲೇಟಿನ ಮೇಲೆ ಕೈ ಹಿಡಿದು ತೀಡಿಸಿದೆ. ಒಂದು ದಿನ ಅವಳೇ ನನ್ನ ಕೈ ತಳ್ಳಿ, ಒಂದು ಕಾಗದದ ಚೂರಿನಲ್ಲಿ, ಅಡ್ಡಾದಿಡ್ಡಿಯಾಗಿ, ಒಬ್ಬಳೇ ಬರೆದಳು. ‘ಮಗ ತಡವಾಗಿ ಬಂದ. ಬೈಬೇಡಿ.’

ಅದನ್ನು ಮಡಿಸಿ, ನಾಲ್ಕು ಸಲ ಬಿಚ್ಚಿ ನೋಡಿ, ಮತ್ತೆ ಮಡಿಸಿ, ಎದೆಯ ಜೇಬಿನಲ್ಲಿಟ್ಟುಕೊಂಡು ಬಂದು, ಗೆರೆಯ ಆಚೆ ನಿಂತು ಚೌಡಿಯ ಕೈಗೆ ಕೊಟ್ಟೆ. ಚೌಡಿ ಓದಿದಳು. ಹಿಂದೆ ತಿರುಗಿಸಿ ನೋಡಿದಳು. ಮತ್ತೆ ಮುಂದೆ ತಿರುಗಿಸಿದಳು. ಆಮೇಲೆ ಬಹಳ ಗೌರವದಿಂದ, ಎರಡೂ ಕೈಯಲ್ಲಿ, ನನಗೇ ವಾಪಸು ಕೊಟ್ಟಳು.

‘ತಾರೀಖು ಇಲ್ಲ ಸಾ.’